ಪಿಕಪ್ಪಿನ ಪಕ್ಕೆಗೆ ಬೆಸೆದ ಪೈಪು: ಸ್ಲೈಡರೂ ಅಲ್ಲ, ಮೆಟ್ಟಿಲೂ ಅಲ್ಲ

ಸಕಲೇಶಪುರ, ಮೂಡಿಗೆರೆ, ಕಳಸ, ಮಡಿಕೇರಿ ಕಡೆ ಪಿಕಪ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ವಿಷಯ. ಗಾಡಿಯ ಬಾಗಿಲ ಕೆಳಗೆ, ಎರಡೂ ಪಕ್ಕೆಗೆ, ಉದ್ದಕ್ಕೆ ಪೈಪು ವೆಲ್ಡಿಂಗ್ ಮಾಡಿಸುವುದು. ಮೊದಲು ಇದನ್ನು ಫುಟ್‌ಬೋರ್ಡ್ ಅನ್ನುತ್ತಿದ್ದೆವು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಈಗ ಹೆಸರು 'ರಾಕ್ ಸ್ಲೈಡರ್' ಆಗಿದೆ. ಹೆಸರು ಬದಲಾಯಿತು, ಪೈಪು ಬದಲಾಗಲಿಲ್ಲ.

ನಾವು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ. ನಿಜವಾದ ಸ್ಲೈಡರ್ ಒಳ್ಳೆಯ ವಸ್ತು. ಆದರೆ ಆ ಹೆಸರಿನಲ್ಲಿ ನಮ್ಮ ಗಾಡಿಗಳಿಗೆ ಬೆಸೆಯುತ್ತಿರುವ ಅಗ್ಗದ ಪೈಪು ಗಾಡಿಯನ್ನು ಕಾಯುವುದಿಲ್ಲ. ಅದು ಚಾಸಿಯನ್ನು ಕೆಡಿಸುತ್ತದೆ. ಅದರ ಮೇಲೆ ನಿಂತು ಹೋಗುವ ಕೂಲಿಯಾಳಿನ ಜೀವಕ್ಕೆ ಕುತ್ತು ತರುತ್ತದೆ. ಆದ್ದರಿಂದ ಸರಿಯಾಗಿ ಮಾಡಿಸಿ, ಇಲ್ಲವೇ ಮಾಡಿಸಲೇಬೇಡಿ. ನಡುವಿನ ಅರ್ಧಂಬರ್ಧ ದಾರಿಯೇ ಅಪಾಯದ ದಾರಿ.

ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಆದರೆ ಪೂರ್ತಿ ಓದಿ, ಆಮೇಲೆ ನಿಮ್ಮ ಗಾಡಿಯ ಕೆಳಗೆ ಬಗ್ಗಿ ನೋಡಿ.

ಸ್ಲೈಡರ್ ಅಂದರೆ ಏನು?

ಈ ಸಾಮಾನು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಕ್ಯಾಲಿಫೋರ್ನಿಯಾದ ರೂಬಿಕಾನ್ ಟ್ರೇಲ್, ಯೂಟಾ ರಾಜ್ಯದ ಮೋಆಬ್ ಅನ್ನುವ ಜಾಗಗಳಿವೆ. ಜನ ಹವ್ಯಾಸಕ್ಕೆಂದು ಜೀಪು, ಪಿಕಪ್ ತಂದು ಬಂಡೆಯ ಮೇಲೆ ಹತ್ತಿಸುತ್ತಾರೆ. ವೇಗ ಮನುಷ್ಯ ನಡೆಯುವಷ್ಟು. ನಾಲ್ಕೂ ಗಾಲಿಗೆ ಶಕ್ತಿ, ಲೋ ಗೇರು. ಬಂಡೆಯಿಂದ ಬಂಡೆಗೆ ಇಳಿಯುವಾಗ ಗಾಡಿಯ ನಡು ಭಾಗ ಕಲ್ಲಿನ ಮೇಲೆ ಕೂತುಬಿಡುತ್ತದೆ. ಆಗ ಬಾಗಿಲ ಕೆಳಗಿನ ತಗಡು ನಜ್ಜುಗುಜ್ಜಾಗುತ್ತದೆ, ಬಾಗಿಲು ತೆರೆಯುವುದಿಲ್ಲ.

ಅದನ್ನು ತಪ್ಪಿಸಲು ಬಂದದ್ದೇ ಸ್ಲೈಡರ್. ಚಾಸಿಗೆ ಕಾಲು ಕೊಟ್ಟು ಹೊರಗೆ ತಂದ ಗಟ್ಟಿ ಕೊಳವೆ. ಗಾಡಿಯ ಅರ್ಧ ಭಾರ ಅದರ ಮೇಲೆ ಬಿದ್ದರೂ ಬಾಗಬಾರದು. ಕಲ್ಲಿನ ಮೇಲೆ ಕೂತ ಗಾಡಿ ಅದರ ಮೇಲೇ ಜಾರಿ ಮುಂದೆ ಹೋಗಬೇಕು. ಜಾರುವುದಕ್ಕೇ 'ಸ್ಲೈಡರ್' ಎಂಬ ಹೆಸರು.

ಹಾಗಾಗಿ ಸ್ಲೈಡರಿಗೂ ಫುಟ್‌ಬೋರ್ಡಿಗೂ ವ್ಯತ್ಯಾಸ ತಿಳಿಯುವುದು ಸುಲಭ. ಪೈಪಿನ ಕೆಳಗೆ ಜ್ಯಾಕ್ ಕೊಟ್ಟು ಗಾಡಿಯ ಆ ಪಕ್ಕವನ್ನು ಎತ್ತುವ ಧೈರ್ಯ ನಿಮಗಿದೆಯೇ? ಇದ್ದರೆ ಅದು ಸ್ಲೈಡರ್. 'ಅಯ್ಯೋ ಬೇಡ, ಬಾಗುತ್ತೆ' ಅನ್ನಿಸಿದರೆ ಅದು ಅಲಂಕಾರ.

ನಮ್ಮಲ್ಲಿ ಏನು ಬೆಸೆಯುತ್ತಿದ್ದೇವೆ?

ಬಗ್ಗಿ ನೋಡಿದರೆ ಮೂರು ಬಗೆ ಕಾಣುತ್ತದೆ.

ಒಂದನೆಯದು ಮಿನುಗುವ ಸ್ಟೀಲ್ ಪೈಪು. ಮನೆಯ ಮೆಟ್ಟಿಲಿನ ರೇಲಿಂಗ್‌ಗೆ ಹಾಕುವಂಥದ್ದು. ನೋಡಲು ಚಂದ, ದಪ್ಪ ಒಂದು ಒಂದೂವರೆ ಮಿಲಿಮೀಟರ್. ಕಲ್ಲು ಹಾಗಿರಲಿ, ಅಡಿಕೆ ಮರಕ್ಕೆ ತಾಗಿದರೂ ಮಡಚಿಕೊಳ್ಳುತ್ತದೆ. ಸಾಲದ್ದಕ್ಕೆ ಸ್ಟೇನ್‌ಲೆಸ್ ಸ್ಟೀಲನ್ನು ಚಾಸಿಯ ಸಾದಾ ಕಬ್ಬಿಣಕ್ಕೆ ಬೆಸೆಯಲು ಬೇರೆಯೇ ರಾಡು ಬೇಕು. ಸಾದಾ ರಾಡಿನಲ್ಲಿ ಅಂಟಿಸಿದ ಜಾಗ ಗಡುಸಾಗಿ ಬಿರುಕು ಬಿಡುತ್ತದೆ.

ಎರಡನೆಯದು ನೀರಿನ ಜಿಐ ಪೈಪು. ಬೋರ್‌ವೆಲ್ಲಿಗೋ ತೋಟದ ಲೈನಿಗೋ ತಂದು ಉಳಿದದ್ದು. ಇದರ ದಪ್ಪ ಪರವಾಗಿಲ್ಲ. ತೊಂದರೆ ಇರುವುದು ಮೇಲಿನ ಸತುವಿನ ಲೇಪದಲ್ಲಿ. ಆ ಲೇಪವನ್ನು ಉಜ್ಜಿ ತೆಗೆಯದೆ ಬೆಸೆದರೆ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ, ಒಳಗೆ ಟೊಳ್ಳಾಗುತ್ತದೆ. ಮೇಲೆ ಬಣ್ಣ ಬಳಿದ ಮೇಲೆ ಆ ಟೊಳ್ಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರನೆಯದು ಒಳ್ಳೆಯ ದಪ್ಪ ಪೈಪು, ಆದರೆ ಕೂರಿಸಿದ ಜಾಗ ತಪ್ಪು. ಕೆಲವರು ಕ್ಯಾಬಿನ್ನಿನ ತಗಡಿಗೇ ಬೆಸೆಯುತ್ತಾರೆ. ಪಿಕಪ್ಪಿನಲ್ಲಿ ಕ್ಯಾಬಿನ್ ಬೇರೆ, ಹಿಂದಿನ ತೊಟ್ಟಿ ಬೇರೆ, ಕೆಳಗಿನ ಚಾಸಿ ಬೇರೆ. ಕ್ಯಾಬಿನ್ ರಬ್ಬರಿನ ಮೇಲೆ ಕೂತಿರುತ್ತದೆ. ಗುಂಡಿಯಲ್ಲಿ ಚಾಸಿ ತಿರುಚಿದಾಗ ಕ್ಯಾಬಿನ್ನೂ ತೊಟ್ಟಿಯೂ ತಮ್ಮ ತಮ್ಮ ಪಾಡಿಗೆ ಅಲುಗಬೇಕು. ಮೂರನ್ನೂ ಒಂದೇ ಪೈಪಿನಿಂದ ಬಿಗಿದರೆ ಎಲ್ಲೋ ಒಂದು ಕಡೆ ಹರಿಯಲೇಬೇಕು. ಹರಿಯುವುದು ತೆಳ್ಳಗಿರುವ ತಗಡು.

ಹಾರೆಯ ಲೆಕ್ಕ

'ಚಾಸಿಗೇ ಬೆಸೆದಿದ್ದೇವೆ, ಇನ್ನೇನು ಬೇಕು?' ಅನ್ನುವವರಿಗೆ ಒಂದು ಲೆಕ್ಕ.

ಕಲ್ಲು ಎಬ್ಬಿಸಲು ಹಾರೆ ಹಾಕುತ್ತೀರಲ್ಲ, ಹಾರೆ ಉದ್ದವಾದಷ್ಟೂ ಕಲ್ಲಿನ ಮೇಲೆ ಬೀಳುವ ಬಲ ಜಾಸ್ತಿ. ಸ್ಲೈಡರಿನ ಕಾಲು ಕೂಡ ಒಂದು ಹಾರೆಯೇ. ಚಾಸಿಯಿಂದ ಒಂದು ಗೇಣು ಹೊರಗೆ ನಿಂತಿರುತ್ತದೆ. ಲೋಡ್ ಆದ ಪಿಕಪ್ ಸುಮಾರು ಮೂರು ಟನ್ ತೂಗುತ್ತದೆ. ಅದರಲ್ಲಿ ಒಂದು ಟನ್ ಮಾತ್ರ ಆ ತುದಿಯ ಮೇಲೆ ಕೂತರೂ ಚಾಸಿಯ ಪಕ್ಕದ ಗೋಡೆಯನ್ನು ಅದು ಒಳಕ್ಕೆ ತಿರುಚುತ್ತದೆ. ಆ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಕಾಲಿನ ಪೈಪನ್ನು ನೇರವಾಗಿ ಅದಕ್ಕೆ ಅಂಟಿಸಿದ್ದರೆ ಇಡೀ ಬಲ ಒಂದು ಬಳೆಯಗಲದ ಬೆಸುಗೆಯ ಮೇಲೆ ಬೀಳುತ್ತದೆ. ಬೆಸುಗೆ ಬಿಡದಿದ್ದರೆ ಚಾಸಿಯ ಕಬ್ಬಿಣವೇ ಕಿತ್ತು ಬರುತ್ತದೆ.

ಇನ್ನೊಂದು ಹೊಡೆತ ನಿಧಾನವಾಗಿ ಬರುತ್ತದೆ. ಬೆಸುಗೆಯ ಕಾವು ತಾಗಿದ ಜಾಗದಲ್ಲಿ ಕಬ್ಬಿಣದ ಗುಣ ಬದಲಾಗುತ್ತದೆ. ದಿನವೂ ಗುಂಡಿ ಹಾರಿ, ಭಾರ ಹೊತ್ತು, ತಿರುಚಿ ತಿರುಚಿ, ಬೆಸುಗೆಯ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ. ಒಳಗಿನ ಬಣ್ಣ ಸುಟ್ಟುಹೋದ ಜಾಗದಲ್ಲಿ ತುಕ್ಕು ಸೇರಿಕೊಳ್ಳುತ್ತದೆ. ಮಲೆನಾಡಿನ ಮಳೆಗೆ ಕಬ್ಬಿಣ ತಿನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ.

'ನಮ್ಮದು ಐದು ವರ್ಷದಿಂದ ಓಡ್ತಿದೆ, ಏನೂ ಆಗಿಲ್ಲ' ಅನ್ನುವ ಮಾತು ಅದಕ್ಕೇ ಪುರಾವೆಯಾಗುವುದಿಲ್ಲ. ಬಿರುಕು ಮೊದಲ ದಿನ ಬರುವುದಿಲ್ಲ. ಭಾರ ತುಂಬಿಕೊಂಡು ಘಾಟಿ ಇಳಿಯುವ ಯಾವುದೋ ದಿನ ಬರುತ್ತದೆ.

ನಿಮಗೆ ಬೇಕೇ ಬೇಕಾ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮ ಸ್ಲೈಡರ್ ಹುಚ್ಚು ಅದೇ ಥರ.

ಸಿಂಗಲ್ ಕ್ಯಾಬಿನ್ ಪಿಕಪ್ಪನ್ನೇ ನೋಡಿ. ಬಾಗಿಲ ಕೆಳಗಿನ ತಗಡಿನ ಉದ್ದವೇ ಕಡಿಮೆ. ಅದು ಮುಂದಿನ ಗಾಲಿಯ ಹಿಂದೆಯೇ ಇದೆ, ಗಾಲಿ ಕಲ್ಲು ಹತ್ತಿದಾಗ ಅದೂ ಮೇಲೇಳುತ್ತದೆ. ಹಿಂದಿನ ತೊಟ್ಟಿ ಎತ್ತರದಲ್ಲಿದೆ. ತೋಟದ ದಾರಿಯಲ್ಲಿ ಇಂಥ ಗಾಡಿಗೆ ಮೊದಲು ಕಲ್ಲು ಬಡಿಯುವುದು ಹಿಂದಿನ ಡಿಫರೆನ್ಷಿಯಲ್ ಗುಂಡಿಗೆ, ಪಟ್ಟಾ ಸ್ಪ್ರಿಂಗಿನ ಬ್ರಾಕೆಟ್ಟಿಗೆ, ಸೈಲೆನ್ಸರಿಗೆ, ಡೀಸೆಲ್ ಟ್ಯಾಂಕಿನ ತಳಕ್ಕೆ. ಪಕ್ಕೆಯ ಪೈಪು ಇವುಗಳಲ್ಲಿ ಒಂದನ್ನೂ ಕಾಯುವುದಿಲ್ಲ. ನಮ್ಮಲ್ಲಿ ಓಡುವ ಮಾಲು ಸಾಗಿಸುವ ಪಿಕಪ್ಪುಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ ಇರುವಂಥವು. ಅವು ಬಂಡೆ ಹತ್ತುವ ಗಾಡಿಗಳೇ ಅಲ್ಲ.

ಹಾಗಾದರೆ ಯಾರಿಗೆ ಬೇಕು? ಡಬಲ್ ಕ್ಯಾಬಿನ್ನಿನ ಉದ್ದ ಗಾಡಿ ಇದ್ದು, ಅದನ್ನು ನಿಜವಾಗಿಯೂ ಕಲ್ಲುದಾರಿಯಲ್ಲಿ ಓಡಿಸುವವರಿಗೆ. ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಇವುಗಳ ಮುಂದಿನ ಹಿಂದಿನ ಗಾಲಿಗಳ ನಡುವೆ ಮೂರು ಮೀಟರಿಗೂ ಹೆಚ್ಚು ಅಂತರ. ದಿಬ್ಬ ಹತ್ತಿ ಇಳಿಯುವಾಗ ಹೊಟ್ಟೆ ತಾಗುವುದು ಸಹಜ. ದಿನವೂ ಕಲ್ಲು ಹಾದಿಯಲ್ಲಿ ತೋಟಕ್ಕೆ ಹೋಗುವ ಫೋರ್ ವೀಲ್ ಕ್ಯಾಂಪರ್ ಇದ್ದವರಿಗೂ ಉಪಯೋಗವಿದೆ. ಉಳಿದವರು ಆ ದುಡ್ಡನ್ನು ಒಳ್ಳೆಯ ಟೈರಿಗೆ, ಬ್ರೇಕಿಗೆ, ಟ್ಯಾಂಕಿನ ಕೆಳಗಿನ ತಗಡಿಗೆ ಹಾಕಿದರೆ ಗಾಡಿಗೂ ಒಳ್ಳೆಯದು, ಮನೆಗೂ ಒಳ್ಳೆಯದು.

ತೂಕವನ್ನೂ ಮರೆಯಬೇಡಿ. ಡಬಲ್ ಕ್ಯಾಬಿನ್ನಿಗೆ ಸರಿಯಾದ ದಪ್ಪದ ಸ್ಲೈಡರ್ ಜೋಡಿ ಹಾಕಿದರೆ ನಲವತ್ತರಿಂದ ಐವತ್ತು ಕೆಜಿ ಆಗುತ್ತದೆ. ಒಂದು ಮೂಟೆ ಅಕ್ಕಿಯನ್ನು ಖಾಯಂ ಹೊತ್ತು ತಿರುಗಿದ ಹಾಗೆ. ನಿಮ್ಮ ಗಾಡಿ ಹೊರಬಹುದಾದ ಲೋಡಿನಲ್ಲಿ ಅಷ್ಟು ಕಳೆದುಕೊಳ್ಳಿ.

ಮಾಡಿಸುವುದೇ ಆದರೆ ಹೀಗೆ ಮಾಡಿಸಿ

ಬೈದು ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ಬೇಕೆಂದು ತೀರ್ಮಾನಿಸಿದವರು ವೆಲ್ಡಿಂಗ್ ಶಾಪಿಗೆ ಹೋಗುವ ಮುಂಚೆ ಇದನ್ನು ಓದಿಕೊಂಡು ಹೋಗಿ.

ಪೈಪು: ಸತುವಿನ ಲೇಪ ಇಲ್ಲದ ಕಪ್ಪು ಪೈಪು ಕೇಳಿ. ಬಣ್ಣದ ಪಟ್ಟಿ ನೋಡಿ. ಹಳದಿ ಪಟ್ಟಿ ಹಗುರದ್ದು, ನೀಲಿ ಮಧ್ಯಮ, ಕೆಂಪು ಭಾರದ್ದು. ಒಂದೂವರೆ ಇಂಚಿನ ನೀಲಿ ಪಟ್ಟಿಯ ಪೈಪಿನ ದಪ್ಪ ಸುಮಾರು 3.2 ಮಿಲಿಮೀಟರ್, ಕೆಂಪಿನದು 4 ಮಿಲಿಮೀಟರ್. ಮೂರು ಮಿಲಿಮೀಟರಿಗಿಂತ ಕಡಿಮೆ ದಪ್ಪದ್ದು ಬೇಡವೇ ಬೇಡ.

ಕಾಲುಗಳು: ಒಂದು ಪಕ್ಕೆಗೆ ಕನಿಷ್ಠ ಮೂರು. ಎರಡೇ ಕಾಲಿನ ಮೇಲೆ ನಿಂತ ಪೈಪು ನಡುವೆ ಬಾಗುತ್ತದೆ. ಕಾಲು ಸ್ವಲ್ಪ ಮೇಲ್ಮುಖವಾಗಿ ಹೊರಗೆ ಬರಲಿ. ಭಾರ ಬಿದ್ದು ಸ್ವಲ್ಪ ಬಾಗಿದರೂ ಪೈಪು ಬಾಗಿಲಿಗೆ ತಾಗದಷ್ಟು ಸಂದು ಇರಲಿ.

ಪ್ಲೇಟು: ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕಾಲನ್ನು ಚಾಸಿಗೆ ನೇರ ಬೆಸೆಯಬಾರದು. ಮೊದಲು ಚಾಸಿಯ ಪಕ್ಕದ ಗೋಡೆಗೆ ನಾಲ್ಕೈದು ಮಿಲಿಮೀಟರ್ ದಪ್ಪದ, ಅಂಗೈಗಿಂತ ದೊಡ್ಡ ಪ್ಲೇಟು ಕೂರಿಸಬೇಕು. ಅದರ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಬೇಕು. ಆ ಪ್ಲೇಟಿಗೆ ಕಾಲು. ಆಗ ಬಲ ಹರಡಿಕೊಳ್ಳುತ್ತದೆ. ಚಾಸಿಯ ಉದ್ದಕ್ಕೆ ಬೆಸುಗೆ ಇರಲಿ, ಮೇಲಿಂದ ಕೆಳಕ್ಕೆ ಚಾಸಿಯನ್ನು ಕತ್ತರಿಸುವ ಹಾಗೆ ಅಡ್ಡ ಗೆರೆ ಎಳೆಯುವುದು ಬೇಡ. ಚಾಸಿಯ ಮೇಲಂಚು, ಕೆಳ ಅಂಚಿಗೆ ಬೆಸುಗೆ ತಾಗಿಸಬೇಡಿ. ಸ್ಪ್ರಿಂಗ್ ಬ್ರಾಕೆಟ್ಟಿನ ಹತ್ತಿರವಾಗಲಿ, ಚಾಸಿ ಬಾಗಿರುವ ಜಾಗದಲ್ಲಾಗಲಿ ಕಾಲು ಕೊಡಬೇಡಿ.

ರಾಡು: ಇದು ಭಾರ ಹೊರುವ ಬೆಸುಗೆ, ಗೇಟಿನ ಬೆಸುಗೆಯಲ್ಲ. 7018 ನಂಬರಿನ ರಾಡು ಕೇಳಿ. ಅದು ತೇವ ಹೀರಿದರೆ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ಬಿಚ್ಚಿಟ್ಟ ಪೊಟ್ಟಣದ ರಾಡು ಬೇಡ, ಒಣಗಿಸಿ ಇಟ್ಟದ್ದು ಬೇಕು. ಮಿಗ್ ಮೆಷಿನ್ ಇರುವ ಶಾಪು, ಅದರಲ್ಲಿ ಕೈ ಪಳಗಿದವರು ಸಿಕ್ಕಿದರೆ ಅದೂ ಆಗಬಹುದು.

ಬೆಸೆಯುವ ಮುಂಚೆ: ಬ್ಯಾಟರಿಯ ತಂತಿ ಬಿಚ್ಚಲೇಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸೆನ್ಸರುಗಳು ಹೆಚ್ಚು. ವೆಲ್ಡಿಂಗ್ ಕರೆಂಟು ದಾರಿ ತಪ್ಪಿ ಇಸಿಎಂಗೆ ಹೋದರೆ ಸ್ಲೈಡರಿನ ಖರ್ಚಿಗಿಂತ ದೊಡ್ಡ ಖರ್ಚು ಬರುತ್ತದೆ. ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ, ಬಣ್ಣ ಉಜ್ಜಿದ ಕಬ್ಬಿಣಕ್ಕೆ ಕಚ್ಚಿಸಬೇಕು. ಚಾಸಿಯ ಆಚೆ ಬದಿಯಲ್ಲಿ ಏನಿದೆ ನೋಡಿ: ಡೀಸೆಲ್ ಪೈಪು, ಬ್ರೇಕ್ ಪೈಪು, ವೈರಿಂಗ್. ಇದ್ದರೆ ಸರಿಸಬೇಕು, ಆಗದಿದ್ದರೆ ಆ ಜಾಗ ಬಿಡಬೇಕು. ಟ್ಯಾಂಕಿನ ಹತ್ತಿರ ಬೆಸುಗೆ ಬೇಡ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಲ್ಲಿ ಇರಲಿ. ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ. ಅದು ಅಳಿಸಿದರೆ ನಿಮ್ಮ ಗಾಡಿ ನಿಮ್ಮದೆಂದು ಸಾಬೀತು ಮಾಡುವುದೇ ಕಷ್ಟ.

ಬೆಸೆದ ಮೇಲೆ: ಪ್ರೈಮರ್, ಬಣ್ಣ. ಚಾಸಿಯ ಒಳಬದಿಗೆ ತುಕ್ಕು ತಡೆಯುವ ಎಣ್ಣೆ ಅಥವಾ ಮೇಣ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಕೆಸರು ತೊಳೆದು ಬೆಸುಗೆಯ ತುದಿಗಳನ್ನು ಟಾರ್ಚ್ ಹಾಕಿ ನೋಡಿ. ಬಣ್ಣದಲ್ಲಿ ಸಣ್ಣ ಗೆರೆ, ಅದರಿಂದ ಇಳಿದ ತುಕ್ಕಿನ ನೀರು ಕಂಡರೆ ಅದೇ ಬಿರುಕಿನ ಗುರುತು.

ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಬೋಲ್ಟ್ ಹಾಕುವ ಸ್ಲೈಡರ್ ಇದೆ. ಚಾಸಿಗೆ ಕಾವು ತಾಗುವುದಿಲ್ಲ, ಬೇಡವಾದಾಗ ಬಿಚ್ಚಬಹುದು. ಬೆಸುಗೆಯದ್ದು ಒಮ್ಮೆ ಹಾಕಿದರೆ ಹಾಕಿದ್ದೇ.

ವೆಲ್ಡರನ್ನು ಮಾತ್ರ ಬೈಯಬೇಡಿ

ತಪ್ಪೆಲ್ಲ ಶಾಪಿನವರದ್ದು ಅಂದುಕೊಂಡರೆ ಅದೂ ಅನ್ಯಾಯ. 'ಬೇಗ ಮಾಡಿ, ಕಡಿಮೆಯಲ್ಲಿ ಮಾಡಿ, ಪೈಪು ನಾನೇ ತಂದಿದ್ದೇನೆ' ಅನ್ನುವವರು ಗಿರಾಕಿಗಳು. ಆ ಪೈಪು ಜಿಐ ಆಗಿದ್ದರೆ ಅದರ ಹೊಗೆ ಕುಡಿಯುವವನು ವೆಲ್ಡರ್. ಸತುವಿನ ಹೊಗೆ ಕುಡಿದ ಕೆಲ ಗಂಟೆಗಳಲ್ಲಿ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಮಾರನೆಯ ದಿನ ಇಳಿಯಬಹುದು, ಆದರೆ ಆ ದಿನದ ಕೂಲಿ ಹೋಯಿತು. 'ಹಾಲು ಕುಡಿದರೆ ಸರಿಹೋಗುತ್ತೆ' ಅನ್ನುವ ನಂಬಿಕೆ ಶಾಪುಗಳಲ್ಲಿ ಇದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೇಕಾದದ್ದು ಗಾಳಿಯಾಡುವ ಜಾಗ, ಮುಖಕ್ಕೆ ಸರಿಯಾದ ಮಾಸ್ಕು, ಲೇಪ ಉಜ್ಜಿ ತೆಗೆಯುವಷ್ಟು ಸಮಯ.

ಗಾಡಿಯ ಕೆಳಗೆ ಮಲಗಿ, ಕಪ್ಪು ಕನ್ನಡಕ ಒಂದನ್ನೇ ನಂಬಿ, ಮುಖದ ಮೇಲೆ ಕಿಡಿ ಬೀಳಿಸಿಕೊಂಡು ಬೆಸೆಯುವ ಹುಡುಗನಿಂದ ಗಟ್ಟಿ ಬೆಸುಗೆ ನಿರೀಕ್ಷಿಸುವುದು ಹೇಗೆ? ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಅವನು ಕೂತು ಕೆಲಸ ಮಾಡುವ ಹಾಗೆ ಮಾಡಿಕೊಟ್ಟು, ಕೆಲಸಕ್ಕೆ ತಕ್ಕ ದುಡ್ಡು ಕೊಡಿ. ಚೌಕಾಶಿಯಲ್ಲಿ ಉಳಿಸಿದ ದುಡ್ಡು ಬೆಸುಗೆಯಲ್ಲಿ ಟೊಳ್ಳಾಗಿ ವಾಪಸ್ ಬರುತ್ತದೆ.

ಅದರ ಮೇಲೆ ಯಾರು ನಿಂತಿದ್ದಾರೆ?

ಇಲ್ಲಿಯವರೆಗೆ ಕಬ್ಬಿಣದ ಮಾತು. ಈಗ ಮನುಷ್ಯರ ಮಾತು.

ಕಾಫಿ ಕೊಯ್ಲಿನ ಕಾಲದಲ್ಲಿ, ಅಡಿಕೆ ಕೊಯ್ಲಿನಲ್ಲಿ, ನಾಟಿ ಸಮಯದಲ್ಲಿ ಬೆಳಗ್ಗೆ ರಸ್ತೆಗೆ ಬಂದು ನೋಡಿ. ಪಿಕಪ್ಪಿನ ತೊಟ್ಟಿ ತುಂಬ ಹೆಂಗಸರು. ತೊಟ್ಟಿ ತುಂಬಿದ ಮೇಲೆ ಉಳಿದವರು ಎಲ್ಲಿ? ಪಕ್ಕದ ಪೈಪಿನ ಮೇಲೆ ಒಂದು ಕಾಲು, ಕೈ ತೊಟ್ಟಿಯ ಸರಳಿಗೆ. ಗಾಡಿಯ ಸೈಡು ಕಾಯಲೆಂದು ಹಾಕಿದ ಪೈಪು ಸೀಟಾಗಿಬಿಟ್ಟಿದೆ.

ದುಂಡು ಪೈಪು ಮಳೆಯಲ್ಲಿ ಸಾಬೂನಿನಂತೆ ಜಾರುತ್ತದೆ. ಎದುರಿಂದ ಬಸ್ ಬಂದರೆ ಡ್ರೈವರ್ ಗಾಡಿಯನ್ನು ಅಂಚಿಗೆ ತರುತ್ತಾನೆ. ಆಗ ಬೇಲಿಗೂ ಗಾಡಿಗೂ ನಡುವೆ ಸಿಕ್ಕುವುದು ನಿಂತವನ ಮೈ. ಬಿದ್ದರೆ ಬೀಳುವುದು ಹಿಂದಿನ ಗಾಲಿಯ ಮುಂದೆಯೇ. ಇದಕ್ಕೆ ಅಂಕಿ ಅಂಶ ಬೇಕಿಲ್ಲ, ಪೈಪು ಎಲ್ಲಿದೆ, ಗಾಲಿ ಎಲ್ಲಿದೆ ಎಂದು ನೋಡಿದರೆ ಸಾಕು.

ಬಿದ್ದ ಮೇಲೆ ಏನಾಗುತ್ತದೆ ಗೊತ್ತೇ? ಪಿಕಪ್ ಸರಕು ಗಾಡಿ. ಸರಕಿನ ಮಾಲೀಕ, ಇಲ್ಲವೇ ಅವನ ಪರವಾಗಿ ಸರಕಿನ ಜೊತೆ ಹೋಗುವವನು, ಇವರಿಗೆ 1994ರ ತಿದ್ದುಪಡಿಯ ಮೇಲೆ ಕಡ್ಡಾಯ ವಿಮೆಯ ರಕ್ಷಣೆ ಇದೆ. ಆದರೆ ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಲೋಡ್ ಹತ್ತಿಸಿ ಇಳಿಸುವ ನೌಕರರ ವಿಷಯ ಬೇರೆ. ಅದಕ್ಕೆ ಪಾಲಿಸಿಯಲ್ಲಿ ಪ್ರೀಮಿಯಂ ಕಟ್ಟಿದ್ದೀರಾ ಎಂದು ಇಂದೇ ತೆಗೆದು ನೋಡಿ. ಕಟ್ಟಿಲ್ಲದಿದ್ದರೆ ಸತ್ತವರ ಮನೆಗೂ ಕಷ್ಟ, ಗಾಡಿ ಮಾಲೀಕನ ಮನೆಗೂ ಕಷ್ಟ. ತೋಟದ ಧಣಿಯ ಹೆಸರು ಮಾತ್ರ ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಗಾಡಿಯ ಬಾಗಿಲಿನ ತಗಡು ನಜ್ಜಾಗಬಾರದು ಎಂದು ಸಾವಿರಾರು ರೂಪಾಯಿ ಖರ್ಚು ಮಾಡುವವರು, ಆಳುಗಳಿಗೆ ಇನ್ನೊಂದು ಟ್ರಿಪ್ ಹೊಡೆಯಲು ಡೀಸೆಲ್ ಇಲ್ಲ ಅನ್ನುತ್ತಾರೆ. ತಗಡಿಗೆ ಇರುವ ಬೆಲೆ ಆಳಿನ ಕಾಲಿಗೆ ಇಲ್ಲವೇ?

ಕಾನೂನು ಏನನ್ನುತ್ತದೆ, ಏನನ್ನುವುದಿಲ್ಲ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬದಲಾದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಂದಿನ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಕಾಯ್ದೆಗೆ ವಿರುದ್ಧ ಎಂದು ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಆ ಪತ್ರದ ಮಾತು ಮುಂದಿನ ಗಾರ್ಡಿನದು. ಆದರೆ ಚಾಸಿಗೆ ಕಬ್ಬಿಣ ಬೆಸೆದ ಗಾಡಿಯನ್ನು ತಪಾಸಣೆಯಲ್ಲಿ ಹಿಡಿದರೆ 'ಇದು ಬದಲಾವಣೆ ಅಲ್ಲ' ಎಂದು ವಾದಿಸುವುದು ನಿಮಗೆ ಸುಲಭವಲ್ಲ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಲೇಬೇಕು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ತಿಳಿಸದೆ ಮಾಡಿಸಿದ ಇಂಥ ಬದಲಾವಣೆಯನ್ನೇ.

ಇಷ್ಟು ಹೇಳಿ ಕಾನೂನಿನ ಪರ ಜೈ ಅಂದು ಮುಗಿಸಲು ನಾವು ತಯಾರಿಲ್ಲ. ಅದೇ 52ನೇ ಸೆಕ್ಷನ್ನಿಗೆ 2019ರಲ್ಲಿ ಇನ್ನೊಂದು ಮಾತು ಸೇರಿದೆ. ಗಾಡಿಗೆ ಹೊರಗಿನಿಂದ ಸಾಮಾನು ಜೋಡಿಸಲು ಅಳತೆ, ನಿಯಮ, ಅನುಮತಿಯ ಕ್ರಮವನ್ನು ಕೇಂದ್ರ ಸರ್ಕಾರ ಗೊತ್ತುಮಾಡಬಹುದು. ಹಾಗೆ ಗೊತ್ತುಮಾಡಿದ ಬದಲಾವಣೆಗೆ ಕಂಪನಿಯ ವಾರಂಟಿಯೂ ಹೋಗುವುದಿಲ್ಲ. ಬಾಗಿಲು ಇದೆ, ತೆರೆಯುವ ಮನಸ್ಸು ಬೇಕು.

ಕಲ್ಲುದಾರಿಯಲ್ಲಿ ದುಡಿಯುವ ಗಾಡಿಗೂ, ರೀಲ್ಸ್‌ಗೆಂದು ಸಿಂಗರಿಸಿದ ಗಾಡಿಗೂ ಒಂದೇ ದಂಡದ ಚೀಟಿ ಹರಿಯುವುದು ನ್ಯಾಯವಲ್ಲ. ತಳ ಕಾಯುವ ಪ್ಲೇಟು, ಸ್ಲೈಡರು ಇವುಗಳಿಗೆ ದಪ್ಪ ಇಷ್ಟು, ಕಾಲು ಇಷ್ಟು, ಹೊರಗೆ ಚಾಚುವುದು ಇಷ್ಟು ಎಂದು ಗೊತ್ತುಮಾಡಿ. ಅದರಂತೆ ಮಾಡಿದ ಗಾಡಿಯನ್ನು ಎಫ್‌ಸಿಯಲ್ಲಿ ನೋಡಿ ಆರ್‌ಸಿಯಲ್ಲಿ ಬರೆಯಿರಿ. ಐಟಿಐ ಕಲಿತ ವೆಲ್ಡರುಗಳಿಗೆ ಚಾಸಿ ಕೆಲಸದ ತರಬೇತಿ ಕೊಡಿ. ನಿಯಮವೇ ಇಲ್ಲದ ಕಡೆ ಎಲ್ಲರೂ ಕದ್ದು ಮಾಡುತ್ತಾರೆ, ಕದ್ದು ಮಾಡಿದ್ದು ಯಾವತ್ತೂ ಗಟ್ಟಿಯಾಗಿರುವುದಿಲ್ಲ.

'ರಸ್ತೆ ಸರಿ ಇದ್ದಿದ್ದರೆ…'

ಇದು ನಮಗೆ ಬರುವ ಕೊನೆಯ ಉತ್ತರ, ಮತ್ತು ಇದರಲ್ಲಿ ಸತ್ಯವಿದೆ. ರಸ್ತೆ ಸರಿ ಇದ್ದಿದ್ದರೆ ಗಾಡಿಯ ಹೊಟ್ಟೆಗೆ ಕಬ್ಬಿಣ ಕಟ್ಟಬೇಕಾಗಿರಲಿಲ್ಲ. ಒಂದೊಂದು ಮಳೆಗಾಲ ಮುಗಿದಾಗಲೂ ಚರಂಡಿ ಇಲ್ಲದ ರಸ್ತೆ ಹಳ್ಳವಾಗುತ್ತದೆ, ಕಲ್ಲು ಮೇಲೇಳುತ್ತದೆ.

ಆದರೆ ರಸ್ತೆಯ ರೋಗಕ್ಕೆ ಗಾಡಿಗೆ ಮದ್ದು ಕೊಡುತ್ತ ಕೂತರೆ ರಸ್ತೆ ಹಾಗೇ ಉಳಿಯುತ್ತದೆ. ಗಟ್ಟಿ ಗಾಡಿ ಇಟ್ಟವನು ಹೇಗೋ ದಾಟುತ್ತಾನೆ, ಅವನ ದೂರು ನಿಲ್ಲುತ್ತದೆ. ಗರ್ಭಿಣಿಯನ್ನು ಕರೆದೊಯ್ಯುವ ಆಟೋಗೆ ಸ್ಲೈಡರ್ ಇಲ್ಲ, ಶಾಲೆಗೆ ಹೋಗುವ ಮಕ್ಕಳ ಸೈಕಲ್ಲಿಗೂ ಇಲ್ಲ. ಊರಿನಲ್ಲಿ ದನಿ ಇರುವವರೇ ಗಾಡಿ ಇರುವವರು. ಅವರು ಗ್ರಾಮಸಭೆಗೆ ಬಂದು 'ಚರಂಡಿ ತೆಗೆಯಿರಿ, ಮೋರಿ ಹಾಕಿ' ಎಂದು ಎದ್ದು ನಿಂತರೆ ಆ ಮಾತಿಗೆ ತೂಕ ಬರುತ್ತದೆ. ಸ್ಲೈಡರಿಗೆ ಕೊಟ್ಟ ಗಮನದ ಕಾಲು ಭಾಗ ಅಲ್ಲಿಗೂ ಕೊಡಿ.

ನಾಳೆ ಬೆಳಗ್ಗೆ ಮಾಡಬೇಕಾದದ್ದು

ಈಗಾಗಲೇ ಪೈಪು ಬೆಸೆದಿದ್ದರೆ ನಾಳೆ ಬೆಳಗ್ಗೆ ಗಾಡಿ ತೊಳೆದು ಕೆಳಗೆ ನೋಡಿ. ಪ್ಲೇಟು ಇಲ್ಲದೆ ನೇರ ಚಾಸಿಗೆ ಅಂಟಿಸಿದ್ದರೆ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ. ಬಿರುಕು ಕಂಡರೆ ಲೋಡ್ ಹಾಕಬೇಡಿ. ಕಿತ್ತು ತೆಗೆಯುವಾಗಲೂ ಎಚ್ಚರ, ಸುತ್ತಿಗೆಯಿಂದ ಬಡಿದರೆ ಚಾಸಿಯ ಕಬ್ಬಿಣವೂ ಬರುತ್ತದೆ. ಗ್ರೈಂಡರಿನಲ್ಲಿ ನಿಧಾನಕ್ಕೆ ಉಜ್ಜಿ ತೆಗೆಯಬೇಕು.

ಇನ್ನೂ ಮಾಡಿಸಿಲ್ಲದಿದ್ದರೆ, ನಿಮ್ಮ ದಾರಿಯಲ್ಲಿ ಗಾಡಿಯ ಯಾವ ಭಾಗಕ್ಕೆ ಕಲ್ಲು ತಾಗುತ್ತಿದೆ ಎಂದು ಮೊದಲು ನೋಡಿ. ಆಮೇಲೆ ನಿರ್ಧರಿಸಿ.

ಮತ್ತೆ, ಎಂಥ ಗಟ್ಟಿ ಸ್ಲೈಡರೇ ಇರಲಿ, ಎಷ್ಟೇ ಚಂದದ ಬೆಸುಗೆಯೇ ಇರಲಿ, ಓಡುವ ಗಾಡಿಯಲ್ಲಿ ಅದರ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಯಾರಾದರೂ ಹತ್ತಿದರೆ ಗಾಡಿ ನಿಲ್ಲಿಸಿ, ಇಳಿಸಿ, ಇನ್ನೊಂದು ಟ್ರಿಪ್ ಹೊಡೆಯಿರಿ. ಡ್ರೈವರ್ ಸ್ನೇಹಿತರೇ, ಧಣಿ ಬೈದರೂ ಪರವಾಗಿಲ್ಲ, ಈ ಒಂದು ಮಾತಿನಲ್ಲಿ ಹಟ ಹಿಡಿಯಿರಿ. ಪೈಪು ಮುರಿದರೆ ಮತ್ತೆ ಬೆಸೆಯಬಹುದು.